ಇಂತಿ ನೊಂದ ಪಾಲಕರು

"ಯಾವ ದೇಶ ಇಡ್ಲಿರಿ, ಮಾವ?" ಎಂದು ಸುಪ್ರಜಾ ಕೇಳಿದಳು.

ರಾಘಣ್ಣ ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿ ಫೋನಿನ ಮೇಲೆ ಬಗ್ಗಿದ. ಭಾನುವಾರದ ಸ್ನಾನ ಮುಗಿದಿತ್ತು. ಎದೆಯ ಬಿಳಿ ಕೂದಲಿನ ನಡುವೆ ಗೋಪೀಚಂದನದ ಮುದ್ರೆಗಳು ಇನ್ನೂ ಹಸಿಯಾಗಿದ್ದವು. ಪರದೆಯ ಮೇಲೆ ದೇಶಗಳ ಹೆಸರು, ಪಕ್ಕದಲ್ಲಿ ಪುಟ್ಟ ಪುಟ್ಟ ಧ್ವಜ. ಆತ ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿ ಪರದೆಯನ್ನು ಮೇಲಕ್ಕೆ ಸರಿಸಿದ. ನೌಕರಿಯುದ್ದಕ್ಕೂ ಫೈಲುಗಳ ಹಾಳೆ ಹಾಗೇ ತಿರುವಿದ ಬೆರಳು ಅದು. ಗಾಜಿನ ಮೇಲೆ ಎಂಜಲಿನ ಗೆರೆ ಮೂಡಿತು. ಸುಪ್ರಜಾ ಅದನ್ನು ಸೆರಗಿನಿಂದ ಒರೆಸಿದಳು.

"ದುಬೈ ಬ್ಯಾಡ. ಅಮೆರಿಕಾನೂ ಬ್ಯಾಡ, ಅವರು ಕೇಳಿದ ಕೂಡ್ಲೇ ಕೊಟ್ಟುಬಿಡ್ತಾರ."

"ಏನು ಕೊಡ್ತಾರ?"

"ಹೆಸರು. ಇದೇನಿದು, ನೆದರ್ಲೆಂಡ್ಸ್? ಹಾಲೆಂಡ್ ಅಂತಿದ್ರಲ್ಲ, ಅದೇನು?"

"ಅದೇರಿ."

"ಹಾಲು ಬೆಣ್ಣಿ ಮಾರೋ ಮಂದಿ. ಸಾತ್ವಿಕರು. ಅಲ್ಲೇ ಇಡು."

ಸುಪ್ರಜಾ ನಕ್ಕಳು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಮನೆಗೆ ಸೊಸೆಯಾಗಿ ಬಂದಮೇಲೆ ಪಲ್ಯಕ್ಕೆ ಏನು ಹೆಚ್ಚಲಿ ಎನ್ನುವುದರಾಚೆಗೆ ಅವಳೊಡನೆ ಯಾರೂ ಹೆಚ್ಚು ಮಾತಾಡಿರಲಿಲ್ಲ. ಈಗ ಮಾವನೇ ಕರೆದು, ಆನ್‌ಲೈನ್ ಕಳ್ಳರ ಕಾಟ ಜಾಸ್ತಿ ಆಗಿದೆ, ಫೋನಿಗೊಂದು ವಿಪಿಎನ್ ಹಾಕಿಕೊಡು ಎಂದು ಕೇಳಿದ್ದ. ಕಳ್ಳರನ್ನು ತಡೆಯುವುದು ಅದರ ಕೆಲಸವಲ್ಲ, ನಾವು ಎಲ್ಲಿಂದ ನೆಟ್ ಬಳಸುತ್ತಿದ್ದೇವೆ ಅನ್ನುವುದನ್ನು ಮರೆಮಾಡುವುದಷ್ಟೇ ಎಂದು ಅವಳು ಹೇಳಿದಳು. "ಅಷ್ಟಾದ್ರ ಸಾಕವಾ" ಅಂದ. ಅವಳು ಕಂಪ್ಯೂಟರ್ ಕಲಿಸುವವಳು. ಪಾಠ ಕೇಳುವವರು ಸಿಕ್ಕರೆ ಅವಳಿಗೆ ಖುಷಿ.

ಹಿಂದಿನ ದಿನ ಪುಕ್ಕಟೆ ಸಿಗುವ ಕೆಲವನ್ನು ಹಾಕಿ ನೋಡಿದ್ದರು. ಒಂದರಲ್ಲಿ ಬಟನ್ ಒತ್ತಿದಾಗಲೆಲ್ಲ ಅರೆಬಟ್ಟೆಯ ಹುಡುಗಿಯೊಬ್ಬಳು ಕುಣಿಯುವ ಜಾಹೀರಾತು ಬರುತ್ತಿತ್ತು. ರಾಘಣ್ಣ ಅದನ್ನು ಕೊನೆಯವರೆಗೂ ನೋಡಿ, ಮುಗಿದ ಮೇಲೆ "ಛೀ, ತಗಿ ಅದನ್ನ" ಎಂದಿದ್ದ. ಕೊನೆಗೆ, ಎಲ್ಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಒಂದನ್ನು ಅವಳೇ ಆರಿಸಿದಳು. ಅದಕ್ಕೆ ದುಡ್ಡು ಕೊಡಬೇಕಿತ್ತು. ಕರಿಬೇವಿನವಳ ಹತ್ತಿರ ಎರಡು ಕಡ್ಡಿಗೆ ಜಗಳಾಡುವ ಮನುಷ್ಯ ಎಟಿಎಂ ಕಾರ್ಡನ್ನು ಮಾತಿಲ್ಲದೆ ಎದುರಿಗಿಟ್ಟ.

"ಇನ್ನೊಂದು ಮಾತು," ಎಂದ ರಾಘಣ್ಣ. "ಮಠದ ಪ್ರವಚನದ ಆ್ಯಪ್ ಅದರೊಳಗಿಂದ ಹೋಗಬಾರದು."

"ಯಾಕ್ರಿ?"

"ಆಚಾರ್ಯರ ಮಾತು ಸಮುದ್ರ ದಾಟಿ ಹೋಗಿ ಬರೋದೇನು? ಹಾಲೆಂಡಿನಾಗ ಯಾರ್ಯಾರ ಎಂಜಲು ಹತ್ತತದೋ. ಪಂಚಾಂಗದ್ದೂ ಹೊರಗಿಡು."

"ಮೇಲ್?"

"ಮೇಲ್ ಒಳಗಿರಲಿ. ಬ್ರೌಸರ್ ಒಳಗಿರಲಿ."

ಯಾವ ಆ್ಯಪ್ ವಿಪಿಎನ್ ಮೂಲಕ ಹೋಗಬೇಕು, ಯಾವುದು ನೇರ ಹೋಗಬೇಕು ಎಂದು ಬೇರೆ ಮಾಡುವ ಪುಟ ಅದರಲ್ಲಿತ್ತು. "ಇವು ಮಡಿ, ಇವು ಮೈಲಿಗಿ" ಅನ್ನುತ್ತ ಸುಪ್ರಜಾ ಒಂದೊಂದಕ್ಕೂ ಗುರುತು ಹಾಕಿದಳು. ಕ್ಲಾಸಿನಲ್ಲಿ ಹೇಳಲು ಒಳ್ಳೆ ಉದಾಹರಣೆಯಾಯಿತು ಅಂದುಕೊಂಡಳು. ವಿಪಿಎನ್ ಕಡಿದುಹೋದರೆ ಮೈಲಿಗೆಯ ಕಡೆಯ ನೆಟ್ ಪೂರ್ತಿ ನಿಂತುಬಿಡಬೇಕು, ಒಂದು ಕ್ಷಣವೂ ಮನೆಯ ಸುಳಿವು ಹೊರಗೆ ಬೀಳಬಾರದು ಎಂದೂ ರಾಘಣ್ಣ ಹೇಳಿದ. ಅದನ್ನೂ ಮಾಡಿಕೊಟ್ಟಳು. ಪರೀಕ್ಷೆಗೆಂದು ಬ್ರೌಸರಿನಲ್ಲಿ ತೆರೆದು ತೋರಿಸಿದಾಗ, ಫೋನು ಇರುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ ಎಂದು ಬಂತು. ರಾಘಣ್ಣ ಜಗಲಿಯ ಮೇಲೆ ಕೂತಲ್ಲೇ ಕಾಲು ಅಲ್ಲಾಡಿಸಿದ.

ಅವಳು ಒಳಗೆ ಹೋಗಿ ಅತ್ತೆ ತಿರುಮಲಮ್ಮನ ಹತ್ತಿರ ಹೀರೇಕಾಯಿ ಹೆಚ್ಚಲು ಕೂತಳು. ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ದೇವರ ಕೋಣೆಯ ಪಕ್ಕದಿಂದ ಕೂಗು ಬಂತು.

"ಸುಪ್ರಜಾ, ಹೋಗ್ಲಿಕತ್ತಿಲ್ಲ ನೋಡು."

ವೈಫೈ ಸತ್ತು ಫೋನು ಸಿಮ್ಮಿನ ನೆಟ್ಟಿಗೆ ಬಂದಿತ್ತು. ವಿಪಿಎನ್ ಮತ್ತೆ ಕೂಡಿಕೊಂಡಿರಲಿಲ್ಲ. ಮೇಲ್ ಆ್ಯಪಿನಲ್ಲಿ ಒಂದು ಪತ್ರ ಹೊರಡದೆ ಕಾದಿತ್ತು. ಅವಳು ಅದರತ್ತ ನೋಡಲಿಲ್ಲ. ಹೀರೇಕಾಯಿಯ ಕೈಯನ್ನು ಒರೆಸಿಕೊಂಡು, ಸಂಪರ್ಕದ ಬಗೆ ಬದಲಿಸಿ, ನೆದರ್ಲೆಂಡ್ಸಿನದೇ ಇನ್ನೊಂದು ಸರ್ವರ್ ಆರಿಸಿ ಒತ್ತಿದಳು. ಹಸಿರು ಬಂತು. ಪತ್ರ ಹೋದ ಸದ್ದು ಬಂತು.

"ಕೃಷ್ಣಾರ್ಪಣಮಸ್ತು," ಎಂದು ರಾಘಣ್ಣ ದೇವರ ಕೋಣೆಯ ಕಡೆ ಕೈ ಮುಗಿದ.

"ಏನು ಕಳಿಸಿದ್ರಿ?"

"ಕೂಡು. ಓದ್ತೀನಿ. ನಿನಗೂ ತಿಳೀಲಿ." ಗಂಟಲು ಸರಿಮಾಡಿಕೊಂಡು, ಸಿರುಗುಪ್ಪದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಸಾಹೇಬರಿಗೆ ಓದಿ ಹೇಳುತ್ತಿದ್ದ ಧಾಟಿಯಲ್ಲಿ ಶುರುಮಾಡಿದ. "ಮಾನ್ಯ ಅಧ್ಯಕ್ಷರಲ್ಲಿ ವಿನಂತಿ. ಸದರಿ ಕಾಲೇಜಿನ ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕಿ ಜಾಸ್ಮಿನ್ ಎಂಬುವರು ಪ್ರತಿ ಶುಕ್ರವಾರ ಧಾರ್ಮಿಕ ಕಾರಣಕ್ಕಾಗಿ ತರಗತಿಗಳನ್ನು ಅರ್ಧಕ್ಕೆ ಬಿಟ್ಟು ತೆರಳುತ್ತಿದ್ದು, ಕಾಲೇಜಿನ ಗೇಟಿನ ಮುಂದೆಯೇ ಪರಪುರುಷನ ದ್ವಿಚಕ್ರ ವಾಹನವನ್ನೇರಿ ಹೋಗುವುದು ವಿದ್ಯಾರ್ಥಿನಿಯರ ನೈತಿಕತೆಯ ಮೇಲೆ ದುಷ್ಪರಿಣಾಮ ಬೀರುತ್ತಿದೆ. ಅಲ್ಲದೆ ಸದರಿಯವರು ಸಿಬ್ಬಂದಿ ಕೊಠಡಿಯಲ್ಲಿ ಮಾಂಸಾಹಾರದ ಡಬ್ಬಿ ತೆರೆದು ಸಸ್ಯಾಹಾರಿ ಸಹೋದ್ಯೋಗಿಗಳಿಗೆ ತೀವ್ರ ಮುಜುಗರ ಉಂಟುಮಾಡುತ್ತಿದ್ದಾರೆ. ಸೂಕ್ತ ಕ್ರಮಕ್ಕಾಗಿ ಪ್ರಾರ್ಥನೆ. ಇಂತಿ, ನೊಂದ ಪಾಲಕರು."

ಜಾಸ್ಮಿನ್ ಮತ್ತು ಸುಪ್ರಜಾ ಕುರುಗೋಡಿನ ಒಂದೇ ಖಾಸಗಿ ಕಾಲೇಜಿನಲ್ಲಿ ಒಂದೇ ವಿಷಯ ಕಲಿಸುವವರು. ಈ ವರ್ಷ ಮಕ್ಕಳು ಕಡಿಮೆ ಸೇರಿದ್ದರು. ದಸರಾ ರಜೆ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರು ಸಾಕು ಎಂದು ಆಡಳಿತ ಮಂಡಳಿ ಹೇಳಿತ್ತು. ಜಾಸ್ಮಿನ್ ಮೊದಲು ಸೇರಿದವಳು, ಉಳಿಯುವವಳು ಅವಳೇ. ಇದನ್ನು ಸುಪ್ರಜಾ ಮನೆಯಲ್ಲಿ ಊಟ ಮಾಡುತ್ತ ಹೇಳಿದ್ದಳು. ಜಾಸ್ಮಿನ್‌ಳ ತಾಯಿ ಮಾಸುಮಾಬಿಗೆ ಶುಕ್ರವಾರ ಸಿರುಗುಪ್ಪದ ಸರ್ಕಾರಿ ದವಾಖಾನೆಯಲ್ಲಿ ಡಯಾಲಿಸಿಸ್ ಇರುತ್ತದೆ, ಕುಡತಿನಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ತಮ್ಮ ಅಜರುದ್ದೀನ್ ಪಾಳಿ ಮುಗಿಸಿ ಬಂದು ಕಾಲೇಜಿನಿಂದ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾನೆ, ಬಿಟ್ಟ ಕ್ಲಾಸನ್ನು ಅವಳು ಶನಿವಾರ ತೆಗೆದುಕೊಳ್ಳುತ್ತಾಳೆ, ಇವನ್ನೂ ಹೇಳಿದ್ದಳು. ಸಾರು ಕಲಸುತ್ತ ಆಡಿದ ಮಾತುಗಳು. ಈ ಮನುಷ್ಯ ಎಲ್ಲವನ್ನೂ ಮೊರಕ್ಕೆ ಹಾಕಿ ಕೇರಿ, ಕಾಳು ತೂರಿಬಿಟ್ಟು ಕಲ್ಲನ್ನು ಇಟ್ಟುಕೊಂಡಿದ್ದ.

"ಅಕಿ ನನ್ನ ಸಲುವಾಗಿ ತತ್ತೀನೂ ತರೂದಿಲ್ಲ," ಎಂದಳು. ಮೊದಲು ಬಾಯಿಗೆ ಬಂದದ್ದು ಅದು.

"ತರಾಂಗಿಲ್ಲ ಅಂತ ಯಾರು ನೋಡ್ಯಾರ?"

"ಬೈಕಿನಾಂವ ಅಕಿ ತಮ್ಮ. ನಾನಽ ಹೇಳಿದ್ನಲ್ರಿ ನಿಮಗ."

"ತಮ್ಮ ಪುರುಷ ಅಲ್ಲೇನು? ನೋಡವಾ, ಶುಕ್ರವಾರ ಹೋಗ್ತಾಳೋ ಇಲ್ಲೋ? ಬೈಕ್ ಹತ್ತತಾಳೋ ಇಲ್ಲೋ? ಮೂಗರ್ಜಿ ಬರಿಯೋದಕ್ಕೂ ಒಂದು ಧರ್ಮ ಅದ. ಪೂರಾ ಸುಳ್ಳು ನಾನು ಎಂದೂ ಬರದಾಂವ ಅಲ್ಲ." ಬೆರಳನ್ನು ಮತ್ತೆ ನಾಲಿಗೆಗೆ ಮುಟ್ಟಿಸಿ, ಓದಿದ್ದನ್ನು ಮೇಲಿನಿಂದ ಇನ್ನೊಮ್ಮೆ ನೋಡಿಕೊಂಡ. "ಮೊದಲೆಲ್ಲ ಎಡಗೈಲೆ ಬರದು, ಆದವಾನಿಗೆ ಹೋಗಿ ಪೋಸ್ಟ್ ಡಬ್ಬಿಗೆ ಹಾಕಿ ಬರಬೇಕಾಗ್ತಿತ್ತು. ಈಗ ನೋಡು, ಕೂತಲ್ಲೇ ಹಾಲೆಂಡು."

"ವಾಪಸ್ ತಗೋರಿ. ಸುಳ್ಳು ಅಂತ ಇನ್ನೊಂದು ಮೇಲ್ ಹಾಕ್ರಿ."

"ನಿನ್ನ ಸಲುವಾಗಿ ಮಾಡಿದ್ದವಾ ಇದು. ಸತ್ಯಾತ್ಮಗ ಸೊಸೈಟ್ಯಾಗ ನೌಕರಿ ಹೆಂಗ ಆತಂತ ಕೇಳು ಬೇಕಾದ್ರ."

ಗಂಡ ಸತ್ಯಾತ್ಮ ಪಡಸಾಲೆಯಲ್ಲೇ ಪೇಪರು ಹಿಡಿದು ಕೂತಿದ್ದ. ಅವಳು ಅವನತ್ತ ನೋಡಿದಳು. ಅವನು ಪುಟ ತಿರುಗಿಸಿದ.

"ನಿಮಗ ಗೊತ್ತಿತ್ತೇನು?"

"ಅಪ್ಪ ಮೊದಲಿಂದ ಹಂಗಽ. ಹೋಗೇನ್ ಬಿಟ್ಟದಲ್ಲ, ಇನ್ನ ಯಾಕ ತಲಿ ಕೆಡಿಸ್ಕೋತಿ."

ಅಡುಗೆಮನೆಯಲ್ಲಿ ತಿರುಮಲಮ್ಮ ಒಗ್ಗರಣೆಗೆ ಇಂಗು ಕುಟ್ಟುತ್ತಿದ್ದಳು. ಎಲ್ಲ ಕೇಳಿಸಿತ್ತು. "ಅವರು ಬರಿಯೋದನ್ನ ನಾನು ಕೇಳಂಗಿಲ್ಲ," ಎಂದಳು, ತಲೆ ಎತ್ತದೆ. "ಕೇಳಿದ್ರ ಉಣ್ಣಲಿಕ್ಕೆ ಆಗಂಗಿಲ್ಲ. ಹೀರೀಕಾಯಿ ಸಿಪ್ಪಿ ಚಟ್ನಿಗೆ ಬೇಕು, ಚೆಲ್ಲಬ್ಯಾಡ."

ಸುಪ್ರಜಾ ಬಚ್ಚಲಿಗೆ ಹೋದಳು. ಬಟ್ಟೆ ಸೋಪಿನಿಂದ ಬೆರಳುಗಳನ್ನು ಉಜ್ಜಿ ಉಜ್ಜಿ ತೊಳೆದಳು. ಹೊರಗೆ ನೈವೇದ್ಯದ ಗಂಟೆ ಕೇಳಿಸಿತು, ಎಲೆ ಹಾಕಿದರು, ಅವಳೂ ಕೂತು ಉಂಡಳು. ಹಸಿವಾಗಿತ್ತು. ಎರಡನೆಯ ಸಲ ಅನ್ನ ಹಾಕಿಸಿಕೊಂಡದ್ದು ಕೈ ತೊಳೆಯುವಾಗ ನೆನಪಾಗಿ, ಅದುವರೆಗಿನ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಯಿತು.

ಸೋಮವಾರ ಹೇಳಬೇಕೆಂದುಕೊಂಡೇ ಕುರುಗೋಡಿನ ಬಸ್ಸು ಹತ್ತಿದಳು. ಮಧ್ಯಾಹ್ನ ಜಾಸ್ಮಿನ್ ಬದನೆಕಾಯಿ ಎಣ್ಣೆಗಾಯಿ ತಂದಿದ್ದಳು. ಸಿರುಗುಪ್ಪದ ಬಸ್ಸಿನಲ್ಲಿ ಯಾರೋ ಕೋಳಿ ಮರಿಯನ್ನು ಲೇಡೀಸ್ ಸೀಟಿನ ಮೇಲೆ ಕೂರಿಸಿ ಟಿಕೆಟ್ ತಗೊಂಡಿದ್ದರಂತೆ, ಕಂಡಕ್ಟರು ಅದನ್ನು ಏಳಿಸಲಿಲ್ಲವಂತೆ. ಇಬ್ಬರೂ ನಕ್ಕರು. ಸುಪ್ರಜಾ ಹೇಳಲಿಲ್ಲ. ವಾಪಸ್ ಹೋಗುವಾಗ ಕಿಟಕಿಯ ಪಕ್ಕ ಕೂತು, ಪಾಠದ ತಾಸುಗಳೆಲ್ಲ ತನಗೇ ಸಿಕ್ಕರೆ ಏನೇನು ಮಾಡಬಹುದು ಎಂದು ಯೋಚಿಸಿದಳು. ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಬೇರೆ ಮನೆ ಮಾಡೋಣ ಅನ್ನಬಹುದು. ಬಳ್ಳಾರಿ ಗುಡ್ಡ ಕಾಣುವವರೆಗೂ ಯೋಚಿಸಿದಳು. ಆ ಯೋಚನೆಯನ್ನು ತಡೆಯಲಿಲ್ಲ.

ಮಂಗಳವಾರ ಪ್ರಿನ್ಸಿಪಾಲ ಗವಿಸಿದ್ದೇಶ್ ಇಬ್ಬರನ್ನೂ ಒಟ್ಟಿಗೆ ಕರೆಸಿದ.

ಆಡಳಿತ ಮಂಡಳಿಯ ಅಧ್ಯಕ್ಷರು ಕಳಿಸಿದ್ದ ಇಮೇಲಿನ ಪ್ರಿಂಟು ಮೇಜಿನ ಮೇಲಿತ್ತು. ಗವಿಸಿದ್ದೇಶ್ ಅದನ್ನು ಜೋರಾಗಿ, ಸ್ವಲ್ಪ ರುಚಿ ಹಿಡಿದೇ ಓದಿದ. "ಯಾರೋ ಹಳೇ ಹುಲಿ ಬರದಾನ. ಸಾಲಿಗೊಂದು ಸದರಿ ಐತಿ ನೋಡ್ರಿ."

"ಪರಪುರುಷ ಅಂದ್ರ ನಮ್ಮ ಅಜರುದ್ದೀನಾ?" ಜಾಸ್ಮಿನ್‌ಗೆ ನಗು ಬಂತು. "ಅವಗ ಹೇಳ್ತೀನಿ ತಡೀರಿ ಸರ. ಎಲ್ಲೂ ಹೆಣ್ಣು ಕುದುರವಲ್ದು ಅಂತ ಒದ್ದಾಡಾಕ ಹತ್ಯಾನ, ಅಕ್ಕನ ಪುಣ್ಯದಾಗ ಪರಪುರುಷನಾದ್ರೂ ಆದೆ ಅಂತ ಖುಷಿ ಪಡ್ತಾನ."

"ನಗಾಂಥದ್ದಲ್ರಿ ಮೇಡಂ. ಮುಂದ ಕೇಳ್ರಿ." ಡಬ್ಬಿಯ ಸಾಲು ಓದಿದ.

ಜಾಸ್ಮಿನ್‌ಳ ನಗು ನಿಂತಿತು. ಆ ಕೊಠಡಿಯಲ್ಲಿ ಡಬ್ಬಿ ತೆರೆಯುವವರು ಇಬ್ಬರೇ. ಉಳಿದವರೆಲ್ಲ ಊರಿನವರು, ಮನೆಗೆ ಹೋಗಿ ಉಣ್ಣುವವರು. ಅವಳು ಸುಪ್ರಜಾಳ ಕಡೆ ತಿರುಗಿ ನೋಡಿದಳು.

"ಶುಕ್ರವಾರ ಹೋಗಾಕ ನೀವ ಹೇಳಿದ್ರಿ ಸರ," ಎಂದಳು ಪ್ರಿನ್ಸಿಪಾಲನಿಗೆ.

"ಬಾಯಿಲೆ ಹೇಳಿದ್ದೆ. ಬರದು ಕೊಟ್ಟೀನೇನು? ಅಧ್ಯಕ್ಷರು ಕೇಳಿದ್ರ ನನಗ ಗೊತ್ತಿಲ್ಲ ಅನ್ನಬೇಕಾಗತೈತಿ, ನನಗೂ ಹೆಂಡ್ರು ಮಕ್ಕಳು ಅದಾರ." ಪ್ರಿಂಟನ್ನು ಮಡಿಸಿದ. "ನಿಮ್ಮ ಮ್ಯಾಲೆ ನನಗೇನು ಸಿಟ್ಟಿಲ್ಲ. ಹೆಂಗೂ ಒಬ್ಬರನ್ನ ಬಿಡೂದು ಇತ್ತು, ಯಾರನ್ನಂತ ತಲಿ ಕೆಟ್ಟಿತ್ತು. ಈಗ ಹಗುರಾತು. ಸುಪ್ರಜಾ ಮೇಡಂ, ರಜಾ ಮುಗದ ಮ್ಯಾಲೆ ಎಲ್ಲಾ ತಾಸು ನಿಮ್ಮವು."

ಫ್ಯಾನಿಗೆ ಎಣ್ಣೆ ಬೇಕಾಗಿತ್ತು. ಅದು ಒಂದೇ ಕಡೆ ಕಿರ್ ಎನ್ನುತ್ತಿತ್ತು. ಸುಪ್ರಜಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಸರ್, ಅದು ನಮ್ಮ ಮನಿಯಿಂದ ಬಂದದ."

"ಯಾವುದು?"

"ಅದೇ. ನಮ್ಮ ಮಾವ ಬರದದ್ದು. ಯಾರಂತ ಗೊತ್ತಾಗಬಾರದು ಅಂತ ಫೋನಿಗೆ ವಿಪಿಎನ್ ಹಾಕಿಸಿಕೊಂಡ್ರು. ಹಾಕಿ ಕೊಟ್ಟಾಕಿ ನಾನು. ಕಳಸೋವಾಗ ನೆಟ್ ನಿಂತಿತ್ತು, ಸರಿಮಾಡಿದಾಕೀನೂ ನಾನಽ. ಶುಕ್ರವಾರದ್ದು, ಬೈಕಿಂದು ನಾನು ಮನ್ಯಾಗ ಮಾತಾಡಿದ್ದು. ಉಳದದ್ದು ಅವರು ಹುಟ್ಟಿಸಿದ್ದು."

ಗವಿಸಿದ್ದೇಶ್ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದ. ವಾಪಸ್ ಬಂದು ಕೂತ.

"ನಾನು ಕೇಳಿಲ್ರಿ ಮೇಡಂ."

"ಹೇಳೀನಲ್ರಿ."

"ಬಾಯಿಮಾತಿಗೆ ಬೆಲಿ ಇಲ್ಲ."

"ಹೆಸರಿಲ್ಲದ ಮೇಲಿಗೆ ಅದ ಏನು? ಬರದು ಕೊಡ್ತೀನಿ. ಒಂದು ಹಾಳಿ ಕೊಡ್ರಿ."

"ಬರದು ಕೊಟ್ರ ನಾನು ಅಧ್ಯಕ್ಷರಿಗೆ ಕಳಿಸಬೇಕಾಗತೈತಿ. ಉಳಿಯಾಕಿ ಜಾಸ್ಮಿನ್, ಹೋಗಾಕಿ ನೀವು. ಮುಂದ ಬ್ಯಾರೆ ಕಾಲೇಜಿನಾಗ ಕೇಳಿದ್ರೂ ಇದನ್ನ ಹೇಳ್ತಾರ. ಮನ್ಯಾಗ ಏನಾಗತೈತಿ ಅಂತ ನಾ ಹೇಳಬೇಕಿಲ್ಲ."

ಅವಳು ಕೈ ಚಾಚಿಕೊಂಡೇ ಇದ್ದಳು. ಅವನು ಪ್ರಿಂಟರಿನಿಂದ ಒಂದು ಹಾಳೆ ಎಳೆದು ಕೊಟ್ಟ.

ಮೂಲೆಯಲ್ಲಿ 'ಇಂದ' ಎಂದು ಬರೆದು ತನ್ನ ಹೆಸರು, ಗಂಡನ ಹೆಸರು, ಮನೆ ನಂಬರು, ಸತ್ಯನಾರಾಯಣಪೇಟೆ, ಬಳ್ಳಾರಿ ಎಂದು ಬರೆದಳು. ಆದದ್ದನ್ನು ಆದಹಾಗೆ ಬರೆದಳು. 'ಸದರಿ' ಎಂದು ಕೈ ತಾನಾಗೇ ಹೋದ ಒಂದು ಕಡೆ ಹೊಡೆದು ಹಾಕಿದಳು. ಸಹಿ ಮಾಡಿ, ಪ್ರಿನ್ಸಿಪಾಲನಿಗೆ ಕೊಡುವ ಮೊದಲು ಜಾಸ್ಮಿನ್‌ಳ ಮುಂದೆ ಸರಿಸಿದಳು.

ಜಾಸ್ಮಿನ್ ನಿಧಾನವಾಗಿ ಓದಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಇಲ್ಲಿ ನಮ್ಮಮ್ಮಗ ಡಯಾಲಿಸಿಸ್ ಅಂತ ಬರದೀರಿ."

"ಅದಿಲ್ಲಂದ್ರ ಶುಕ್ರವಾರಕ್ಕ ಕಾರಣ ಇರಂಗಿಲ್ಲ ಜಾಸ್ಮಿನ್."

"ನಮ್ಮಮ್ಮನ ಕಿಡ್ನಿ ಇನ್ನ ಎಷ್ಟು ಮಂದಿ ಓದಬೇಕ್ರಿ?" ದನಿ ಏರಿರಲಿಲ್ಲ. "ಒಂದ್ ಕೇಳ್ತೀನಿ. ನಾವಿಬ್ಬರೂ ಇಲ್ಲಿ ಮಾತಾಡಿದ್ದೆಲ್ಲ ದಿನಾ ಹೋಗಿ ಮನ್ಯಾಗ ಹೇಳ್ತಿದ್ರೇನು?"

"ಊಟಕ್ಕ ಕೂತಾಗ... ಸುಮ್ನ. ಕೆಟ್ಟ ಮನಸಿನಿಂದ ಅಲ್ಲ."

"ಇರಲಿ ಬಿಡ್ರಿ. ಆ ಸಾಲೂ ಇರಲಿ. ಹೆಂಗೂ ನಿಮ್ಮ ಮನ್ಯಾಗ ಉಂಡು ಕೈ ತೊಳಕೊಂಡಾರ." ಹಾಳೆಯನ್ನು ಮೇಜಿನ ಆ ಕಡೆಗೆ ತಳ್ಳಿ ಎದ್ದಳು. ಪ್ರಿನ್ಸಿಪಾಲನಿಗೆ ನಮಸ್ಕಾರ ಹೇಳಿದಳು. ಸುಪ್ರಜಾಳ ಕಡೆ ತಿರುಗದೆ ಹೊರಗೆ ನಡೆದಳು.

ಗವಿಸಿದ್ದೇಶ್ ಹಾಳೆಯನ್ನು ಎರಡು ಬೆರಳಿನಿಂದ ಎತ್ತಿ ಡ್ರಾಯರಿನೊಳಗೆ ಹಾಕಲು ಹೋದ. ಸುಪ್ರಜಾ ಕುರ್ಚಿ ಬಿಟ್ಟು ಏಳಲಿಲ್ಲ. "ಸ್ಕ್ಯಾನ್ ಮಾಡಿ ಈಗಽ ಕಳಿಸ್ರಿ ಸರ್. ನನಗೂ ಒಂದು ಕಾಪಿ ಹಾಕ್ರಿ," ಎಂದಳು. ಅವನು ಯಾರನ್ನೋ ಬೈಯುವ ಹಾಗೆ ತುಟಿ ಅಲ್ಲಾಡಿಸಿ, ಸ್ಕ್ಯಾನರಿನ ಮುಚ್ಚಳ ತೆಗೆದ.

ಸಂಜೆ ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಹಿಂದಿನ ಬಂಡೆಗುಡ್ಡ ಹಗಲೆಲ್ಲ ಕುಡಿದ ಕಾವನ್ನು ಉಗುಳುತ್ತಿತ್ತು. ಜಾಸ್ಮಿನ್ ದೂರದ ಕಂಬದ ಹತ್ತಿರ ನಿಂತಿದ್ದಳು. ದಿನವೂ ಇಬ್ಬರೂ ಒಂದೇ ಕಲ್ಲುಬೆಂಚಿನ ಮೇಲೆ ಕೂತು, ಯಾರ ಬಸ್ಸು ಮೊದಲು ಬರುತ್ತದೋ ಅವರನ್ನು ಇನ್ನೊಬ್ಬರು ಹತ್ತಿಸಿ ಕಳಿಸುತ್ತಿದ್ದರು. ಇವತ್ತು ಬೆಂಚಿನ ಮೇಲೆ ಸುಪ್ರಜಾ ಮತ್ತು ಉಳ್ಳಾಗಡ್ಡಿ ಚೀಲದ ಮೇಲೆ ಒರಗಿದ್ದ ಒಬ್ಬ ಮುದುಕಿ ಮಾತ್ರ.

ಬಳ್ಳಾರಿಯ ಬಸ್ಸು ಮೊದಲು ಬಂತು. ಜನ ಕಿಟಕಿಯಿಂದ ಟವೆಲು, ಚೀಲ ಎಸೆದು ಸೀಟು ಹಿಡಿದರು. ಕಂಡಕ್ಟರು ಫುಟ್‌ಬೋರ್ಡಿನ ಮೇಲೆ ನಿಂತು ಸುಪ್ರಜಾಳನ್ನು ನೋಡಿದ. ದಿನದ ಗಿರಾಕಿ.

"ಮೇಡಂ, ಬರಂಗಿಲ್ಲೇನ್ರಿ?"

ಅವಳು ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಏಳಲಿಲ್ಲ. "ಹೋಗ್ರಿ."

"ಮುಂದಿಂದು ಭಾಳ ಲೇಟ್ ಐತಿ."

"ಇರಲಿ, ಹೋಗ್ರಿ."

ಅವನು ಸೀಟಿ ಊದಿದ. ಬಸ್ಸು ಕೆಂಪು ಧೂಳನ್ನು ಎಬ್ಬಿಸಿ ಕಪ್ಪು ಹೊಗೆ ಉಗುಳುತ್ತ ಹೋಯಿತು. ಮುದುಕಿ ಕೆಮ್ಮಿ, ಉಗುಳಿ, "ಯಾವೂರಿಗೆ ಹೋಗಬೇಕವ್ವ ನೀನು?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಮತ್ತೆ ಚೀಲಕ್ಕೆ ಒರಗಿದಳು.

ಆಮೇಲೆ ಸಿರುಗುಪ್ಪದ್ದು ಬಂತು. ಅದು ಅಷ್ಟು ತುಂಬಿರಲಿಲ್ಲ. ಜಾಸ್ಮಿನ್ ಹತ್ತಿ, ಬೆಂಚಿನ ಕಡೆಗೇ ಇದ್ದ ಒಂದು ಕಿಟಕಿಯ ಪಕ್ಕ ಕೂತಳು. ಬೇರೆ ಕಿಟಕಿ ಖಾಲಿ ಇರಲಿಲ್ಲವೇನೋ. ಒಳಗೆ ಎಲ್ಲರೂ ಸೆಕೆಗೆ ಟಿಕೆಟ್ಟು, ಪೇಪರು, ಸೆರಗು ಏನು ಸಿಕ್ಕಿತೋ ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅವಳ ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಜಾಸ್ಮಿನ್ ಎದ್ದು ನಿಂತು, ಎರಡೂ ಕೈ ಹಾಕಿ, ಅದು ಪೂರ್ತಿ ಮುಚ್ಚುವವರೆಗೆ ಎಳೆದಳು.